‘ಎಲ್ಲರಿಗೂ ಶಿಕ್ಷಣ’: ಆ ‘ಎಲ್ಲರ’ ಸಾಲಿನಲ್ಲಿ ಇವರ ಜಾಗ ಎಲ್ಲಿ?

ಕೇರಳದ ಶಿಕ್ಷಣದ ಕಥೆಯನ್ನು ಯಾರು ಹೇಳಿದರೂ 1817ರಿಂದಲೇ ಶುರು ಮಾಡುತ್ತಾರೆ. ಆ ವರ್ಷ ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿಯವರು ಪ್ರಜೆಗಳ ವಿದ್ಯಾಭ್ಯಾಸದ ಖರ್ಚನ್ನು ಸರ್ಕಾರವೇ ಹೊರಬೇಕೆಂದು ಆಜ್ಞೆ ಹೊರಡಿಸಿದರು. ಇಂಗ್ಲೆಂಡಿನಲ್ಲಿಯೂ ಅಂಥ ಕಾನೂನು ಬಂದಿರದ ಕಾಲವದು. ಅಲ್ಲಿಂದ ಮುಂದೆ ಮಿಷನರಿಗಳ ಶಾಲೆಗಳು, ನಾರಾಯಣ ಗುರುಗಳ ಕರೆ, ಊರೂರಿನ ಗ್ರಂಥಶಾಲೆಗಳು, ಕೊನೆಗೆ 1991ರ ಸಂಪೂರ್ಣ ಸಾಕ್ಷರತೆಯ ಘೋಷಣೆ. ಒಂದರ ಹಿಂದೊಂದು ಮೆಟ್ಟಿಲು. ತಿರುವನಂತಪುರದಲ್ಲಿ ಕೆಲವು ವರ್ಷ, ಕೊಚ್ಚಿಯಲ್ಲಿ ಬಹಳ ವರ್ಷ ಸಂಸಾರ ನಡೆಸಿದ ನಾನು ರಜೆಗೆ ಊರಿಗೆ ಹೋದಾಗಲೆಲ್ಲ ಈ ಕಥೆಯನ್ನು ನೆಂಟರಿಷ್ಟರಿಗೆ ಹೆಮ್ಮೆಯಿಂದ ಹೇಳಿದ್ದೇನೆ. ಅದು ಹೆಮ್ಮೆಪಡಬೇಕಾದ ಕಥೆಯೇ.

ಆದರೆ ಈ ಮೆಟ್ಟಿಲುಗಳನ್ನು ಹತ್ತಲಾರದ ಮಕ್ಕಳಿದ್ದರು. ನಡೆಯಲಾರದವರು, ಕಾಣದವರು, ಕೇಳದವರು, ಉಳಿದ ಮಕ್ಕಳ ವೇಗದಲ್ಲಿ ಕಲಿಯಲಾರದವರು. ಅವರ ಮಟ್ಟಿಗೆ ಕೇರಳದ ಶಿಕ್ಷಣದ ಚರಿತ್ರೆ ಯಾವ ವರ್ಷ ಆರಂಭವಾಯಿತು? ಯಾರ ಕೈಹಿಡಿದು? ನಮ್ಮ ವೇದಿಕೆಯ ಈ ಸಂಚಿಕೆಗೆ ಏನು ಬರೆಯಲಿ ಎಂದು ಯೋಚಿಸುವಾಗ ಈ ಪ್ರಶ್ನೆಯೇ ಮುಂದೆ ನಿಂತಿತು. ಹುಡುಕುತ್ತ ಹೋದರೆ ಆ ಚರಿತ್ರೆಯ ಬಹುತೇಕ ಪುಟಗಳಲ್ಲಿ ಒಬ್ಬ ಹೆಂಗಸು ಕಾಣುತ್ತಾಳೆ: ಮಗುವನ್ನು ಸೊಂಟದ ಮೇಲೆ ಹೊತ್ತ ತಾಯಿ. ಕೊನೆಯ ಪುಟಗಳಿಗೆ ಬಂದಾಗ ನಮ್ಮ ಕನ್ನಡವೂ ಕಾಣುತ್ತದೆ. ಅದಕ್ಕಾಗಿಯೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೆರವಣಿಗೆ ಇಲ್ಲದ ಮಕ್ಕಳು

ತಿರುವನಂತಪುರದ ಹೊರವಲಯದ ಊರೂಟ್ಟಂಬಲಂ ಎಂಬಲ್ಲಿ ಒಂದು ಸರ್ಕಾರಿ ಶಾಲೆಯಿದೆ. ಕಳೆದ ಶತಮಾನದ ಆರಂಭದಲ್ಲಿ ಅಯ್ಯಂಕಾಳಿಯವರು ಪಂಚಮಿ ಎಂಬ ದಲಿತ ಬಾಲಕಿಯ ಕೈಹಿಡಿದು ಆ ಶಾಲೆಗೆ ಕರೆದೊಯ್ದರು. ಆಕೆ ಕುಳಿತಳೆಂಬ ಸಿಟ್ಟಿಗೆ ಮೇಲ್ಜಾತಿಯವರು ಶಾಲೆಗೇ ಬೆಂಕಿ ಇಟ್ಟರು. ಅರೆಸುಟ್ಟ ಬೆಂಚೊಂದನ್ನು ಇಂದಿಗೂ ಅಲ್ಲಿ ಉಳಿಸಿಕೊಂಡಿದ್ದಾರೆ. ಅಕ್ಷರಕ್ಕಾಗಿ ಅಯ್ಯಂಕಾಳಿಯವರು ಗದ್ದೆ ಕೆಲಸವನ್ನೇ ನಿಲ್ಲಿಸುವ ಮುಷ್ಕರಕ್ಕೆ ಕರೆ ಕೊಟ್ಟರು. ಜಾತಿಯ ಬಾಗಿಲು ತೆರೆದದ್ದು ಹಾಗೆ, ಜನ ಒಟ್ಟಾಗಿ ಬೀದಿಗಿಳಿದದ್ದರಿಂದ.

ಅಂಗವಿಕಲ ಮಕ್ಕಳಿಗೆ ಅಂಥ ಮೆರವಣಿಗೆ ಇರಲಿಲ್ಲ. ಒಂದೊಂದು ಊರಿನಲ್ಲಿ ಒಬ್ಬಿಬ್ಬರು, ಅವರೂ ಒಳಕೋಣೆಯಲ್ಲಿ. ಮನೆಯಲ್ಲಿ ಅಂಥ ಮಗುವಿದೆ ಎಂದು ತಿಳಿದರೆ ಉಳಿದ ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತು ಎಂಬ ಭಯ. ಪೂರ್ವಜನ್ಮದ ಕರ್ಮ ಎಂಬ ಮಾತು. ಬಸಿರಿನಲ್ಲಿ ಹಾಗೆ ಮಾಡಿದಳು, ಹೀಗೆ ತಿಂದಳು ಎಂದು ತಾಯಿಯ ಮೇಲೆಯೇ ಹೊರಿಸುವ ದೂರು. ಇದು ಕೇರಳಕ್ಕೆ ಮಾತ್ರ ಸೇರಿದ ವಿಷಯವಲ್ಲ; ನಮ್ಮ ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಬೆಳೆದ ನಾವೂ ಇದನ್ನು ಕೇಳಿದವರೇ.

ಭಾರತದಲ್ಲಿ ಇವರಿಗೆಂದು ಮೊದಲ ಶಾಲೆಗಳು ಹುಟ್ಟಿದ್ದು 19ನೇ ಶತಮಾನದ ಕೊನೆಯ ಎರಡು ದಶಕಗಳಲ್ಲಿ. 1887ರಲ್ಲಿ ಆ್ಯನಿ ಶಾರ್ಪ್ ಎಂಬ ಮಿಷನರಿ ಮಹಿಳೆ ಅಮೃತಸರದಲ್ಲಿ ಅಂಧರ ಶಾಲೆ ತೆರೆದರು. ತಿರುವಾಂಕೂರಿಗೆ ಹತ್ತಿರದ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೈನ್ಸನ್ ಕಿವುಡ ಮಕ್ಕಳಿಗೆ ಪಾಠ ಆರಂಭಿಸಿದರು. ನಮ್ಮ ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಕಟ್ಟಿದರು. ಈ ಶಾಲೆಗಳ ಹಿಂದಿದ್ದದ್ದು ದಯೆ. ದಯೆ ದೊಡ್ಡ ಗುಣ, ಆದರೆ ಹಕ್ಕಲ್ಲ. ಕೊಡುವವರು ನಿಲ್ಲಿಸಿದರೆ ಕೇಳುವ ಹಾಗಿಲ್ಲ.

ಸಾಕ್ಷರತೆಯ ಹಬ್ಬ ಮತ್ತು ಕನ್ನಡಕ

ಕೊಚ್ಚಿಯ ನಾವು ಮರೆಯಬಾರದ ದಿನ 1990ರ ಫೆಬ್ರವರಿ 4. ಅಂದು ಎರ್ನಾಕುಳಂ, ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಣೆಯಾಯಿತು. ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತು, ಜಿಲ್ಲಾಡಳಿತ, ಸಾವಿರಾರು ಸ್ವಯಂಸೇವಕರು ಒಂದು ವರ್ಷ ಹಗಲಿರುಳು ದುಡಿದಿದ್ದರು. ಸ್ವಯಂಸೇವಕರಲ್ಲಿ ಹೆಂಗಸರ ಸಂಖ್ಯೆ ದೊಡ್ಡದು. ಮರುವರ್ಷ ಏಪ್ರಿಲ್ 18ರಂದು ಕೋಳಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ ಚೇಲಕ್ಕೋಡನ್ ಆಯಿಷಾ ಎಂಬ ನವಸಾಕ್ಷರ ಮಹಿಳೆ ಇಡೀ ರಾಜ್ಯದ ಸಾಕ್ಷರತೆಯನ್ನು ಘೋಷಿಸಿದರು.

ಎರ್ನಾಕುಳಂ ಅಭಿಯಾನದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಒಂದು ಸಣ್ಣ ಸಂಗತಿ. ವಯಸ್ಸಾದ ಅನೇಕರು ಪಾಠಕ್ಕೆ ಬರಲು ಹಿಂಜರಿದರು. ಕಾರಣ ಸೋಮಾರಿತನವಲ್ಲ, ಕಣ್ಣು ಮಂಜಾಗಿತ್ತು. ಕಾರ್ಯಕರ್ತರು ಕಣ್ಣಿನ ತಪಾಸಣೆ ಏರ್ಪಡಿಸಿ, ಮನೆಮನೆಯಿಂದ ಹಳೆಯ ಕನ್ನಡಕಗಳನ್ನು ಬೇಡಿ ತಂದು, ಸಾವಿರಾರು ಮಂದಿಗೆ ಹಂಚಿದರು. ಅಕ್ಷರಕ್ಕೆ ಮೊದಲು ಕನ್ನಡಕ. ಅಂಗವಿಕಲರ ಶಿಕ್ಷಣದ ಸೂತ್ರವೆಲ್ಲ ಇದರಲ್ಲಿ ಅಡಗಿದೆ ಎಂದು ನನಗೆ ಅನಿಸುತ್ತದೆ. ಕಲಿಯುವವನಲ್ಲಿ ಕೊರತೆ ಹುಡುಕುವ ಬದಲು ನಡುವೆ ಇರುವ ಅಡ್ಡಿಯನ್ನು ತೆಗೆಯುವುದು. ಮಂಜುಗಣ್ಣಿನ ಅಜ್ಜಿಗೆ ಕನ್ನಡಕ ಕೊಟ್ಟ ನಾಡು, ಪೂರ್ಣ ಕುರುಡಾದ ಹುಡುಗಿಗೆ ಬ್ರೈಲ್ ಪುಸ್ತಕ, ಕಿವುಡ ಹುಡುಗನಿಗೆ ಸನ್ನೆ ಬಲ್ಲ ಶಿಕ್ಷಕಿ ಇವನ್ನೂ ಅದೇ ಸಹಜತೆಯಿಂದ ಕೊಡಬೇಕಿತ್ತು. ಆದರೆ ಸಂಪೂರ್ಣ ಸಾಕ್ಷರತೆಯ ಲೆಕ್ಕ ನೂರಕ್ಕೆ ನೂರರದ್ದಲ್ಲ. ತೊಂಬತ್ತು ದಾಟಿದರೆ ಸಂಪೂರ್ಣವೆಂದೇ ಎಣಿಕೆ. ಹೊರಗುಳಿದ ಆ ಕೆಲವರೊಳಗೆ ಯಾರಿದ್ದರು ಎಂಬ ಪ್ರಶ್ನೆ ಹಬ್ಬದ ಗದ್ದಲದಲ್ಲಿ ಕೇಳಿಸಲಿಲ್ಲ.

ಅದೇ ಹಬ್ಬದ ಒಳಗೆ ಇನ್ನೊಂದು ಕಥೆಯಿದೆ. ಮಲಪ್ಪುರಂ ಜಿಲ್ಲೆಯ ವೆಳ್ಳಿಲಕ್ಕಾಡಿನ ಕೆ. ವಿ. ರಾಬಿಯಾ ಹದಿಹರೆಯದಲ್ಲಿ ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡವರು. ಹೇಗೋ ಕಾಲೇಜಿನ ಮೆಟ್ಟಿಲು ಹತ್ತಿದರೂ ಪ್ರೀಡಿಗ್ರಿಯ ನಂತರ ಓದು ನಿಲ್ಲಿಸಬೇಕಾಯಿತು. 1990ರಲ್ಲಿ ಆಕೆ ತನ್ನ ಮನೆಯಲ್ಲೇ ಊರಿನ ನಿರಕ್ಷರಿಗಳಿಗೆ ಪಾಠ ಆರಂಭಿಸಿದರು. ಎಲ್ಲ ವಯಸ್ಸಿನವರೂ ಬಂದು ಕುಳಿತರು. ಮುಂದೆ 2022ರಲ್ಲಿ ಪದ್ಮಶ್ರೀ ಬಂತು. 2025ರ ಮೇ ತಿಂಗಳಲ್ಲಿ ಆಕೆ ತೀರಿಕೊಂಡರು. ರಾಬಿಯಾ ಅವರನ್ನು ಹೊಗಳುವ ಲೇಖನಗಳು ಅವರ ಮನೋಬಲವನ್ನು ಹೇಳುತ್ತವೆ. ನಾನು ಅದರ ಜೊತೆಗೆ ಇನ್ನೊಂದನ್ನು ಸೇರಿಸುತ್ತೇನೆ: ಕೇರಳವನ್ನು ಸಾಕ್ಷರವಾಗಿಸಲು ದುಡಿದ ಈ ಹೆಣ್ಣುಮಗಳಿಗೇ ಕೇರಳ ಪದವಿಯವರೆಗಿನ ದಾರಿಯನ್ನು ಸಲೀಸು ಮಾಡಿಕೊಡಲಿಲ್ಲ.

ಈ ಅಂತರ ದೇಶದ ಲೆಕ್ಕದಲ್ಲಿಯೂ ಕಾಣುತ್ತದೆ. 2011ರ ಜನಗಣತಿಯಂತೆ ಭಾರತದಲ್ಲಿ 2.68 ಕೋಟಿ ಅಂಗವಿಕಲರು. ಅವರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 55. ಗಂಡಸರಲ್ಲಿ 62, ಹೆಂಗಸರಲ್ಲಿ 45. ಒಂದು ಕೊರತೆಯ ಮೇಲೆ ಹೆಣ್ಣಾಗಿ ಹುಟ್ಟಿದ್ದಕ್ಕೆ ಇನ್ನೊಂದು ಕಡಿತ. ಕೇರಳ ಸರ್ಕಾರ 2014–15ರಲ್ಲಿ ಮನೆಮನೆಗೆ ಹೋಗಿ ಪ್ರತ್ಯೇಕ ಗಣತಿ ನಡೆಸಿದಾಗ ರಾಜ್ಯದಲ್ಲಿ ಸುಮಾರು 7.94 ಲಕ್ಷ ಅಂಗವಿಕಲರಿದ್ದಾರೆಂದು ತಿಳಿಯಿತು. ಮೊದಲು ಎಣಿಸಬೇಕು, ಆಮೇಲಷ್ಟೇ ಶಾಲೆ ಕಟ್ಟಲು ಸಾಧ್ಯ. ಆ ಮಟ್ಟಿಗೆ ಅದು ದೊಡ್ಡ ಕೆಲಸವೇ.

ತಿರುವನಂತಪುರದ ಸಂಸ್ಥೆಗಳು, ಬೆಂಚಿನ ಮೇಲೆ ಕುಳಿತ ತಾಯಂದಿರು

ಕೇರಳದಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಕೊಚ್ಚಿಗೆ ಸಮೀಪದ ಆಲುವದಲ್ಲಿ 1960ರ ದಶಕದಲ್ಲಿ ಅಂಧರ ಶಾಲೆ ಬಂತು. 1980ರಲ್ಲಿ ಫಾದರ್ ಥಾಮಸ್ ಫೆಲಿಕ್ಸ್ ತಿರುವನಂತಪುರದ ಮುರಿಂಞಪಾಲದಲ್ಲಿ ಬೌದ್ಧಿಕ ವೈಕಲ್ಯದ ಮಕ್ಕಳಿಗಾಗಿ ಸಂಸ್ಥೆ ಆರಂಭಿಸಿದರು. 1987ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಡಾ. ಎಂ. ಕೆ. ಸಿ. ನಾಯರ್ ಅವರ ಮುಂದಾಳತ್ವದಲ್ಲಿ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ಹುಟ್ಟಿತು. ಮಗು ಎಷ್ಟನೇ ತಿಂಗಳಿಗೆ ಕತ್ತು ನಿಲ್ಲಿಸಬೇಕು, ಯಾವಾಗ ಕೂರಬೇಕು, ಯಾವಾಗ ಮಾತು ತೆಗೆಯಬೇಕು ಎಂದು ನೋಡಿಕೊಳ್ಳಲು ಅವರು ರೂಪಿಸಿದ 17 ಅಂಶಗಳ ಪಟ್ಟಿ ‘ಟ್ರಿವೇಂಡ್ರಂ ಡೆವಲಪ್‌ಮೆಂಟಲ್ ಸ್ಕ್ರೀನಿಂಗ್ ಚಾರ್ಟ್’ ಎಂಬ ಹೆಸರಿನಲ್ಲಿ ದೇಶದ ಬೇರೆಡೆಗೂ ಹೋಯಿತು. 1997ರಲ್ಲಿ ಶ್ರವಣದೋಷದ ಮಕ್ಕಳಿಗಾಗಿ ‘ನಿಶ್’ ಸಂಸ್ಥೆ ಆರಂಭವಾಗಿ, ಮುಂದೆ ಆಕ್ಕುಳಂನಲ್ಲಿ ನೆಲೆಯಾಯಿತು. ಕಿವುಡ ವಿದ್ಯಾರ್ಥಿಗಳಿಗೆಂದೇ ಪದವಿ ತರಗತಿಗಳು ಅಲ್ಲಿವೆ. 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರು ಪಂಚಾಯತಿನಲ್ಲಿ ಮೊದಲ ‘ಬಡ್ಸ್’ ಶಾಲೆ ತೆರೆಯಿತು. ಕುಡುಂಬಶ್ರೀಯ ಹೆಂಗಸರು ಮತ್ತು ಪಂಚಾಯತು ಸೇರಿ ನಡೆಸುವ ಈ ಶಾಲೆಗಳ ದೊಡ್ಡ ಗುಣವೆಂದರೆ ಅವು ಊರಿನಲ್ಲೇ ಇರುವುದು.

ಸಂಸ್ಥೆಗಳ ವರದಿಗಳಲ್ಲಿ ತಜ್ಞರು, ಕಟ್ಟಡ, ಉಪಕರಣಗಳ ಲೆಕ್ಕ ಸಿಗುತ್ತದೆ. ತಾಯಿಯ ಲೆಕ್ಕ ಸಿಗುವುದಿಲ್ಲ. ಮಾತು ಕಲಿಸುವ ತರಬೇತಿ ವಾರಕ್ಕೆ ಹಲವು ದಿನ, ವರ್ಷಗಟ್ಟಲೆ. ಚಿಕ್ಕ ಮಗುವಿನ ಜೊತೆ ತಾಯಿಯೂ ಕುಳಿತು ಕಲಿಯಬೇಕು. ಮನೆಯಲ್ಲಿ ಅದನ್ನೇ ನೂರು ಸಲ ಮಾಡಿಸಬೇಕು. ದೂರದ ಜಿಲ್ಲೆಯವಳಾದರೆ ತಿರುವನಂತಪುರದಲ್ಲಿ ಬಾಡಿಗೆ ಮನೆ. ಗಂಡ ಊರಿನಲ್ಲಿ, ದೊಡ್ಡ ಮಗು ಅಜ್ಜಿಯ ಬಳಿ, ಇವಳು ಚಿಕ್ಕದರೊಂದಿಗೆ ಇಲ್ಲಿ. ಕೆಲಸದಲ್ಲಿದ್ದವಳು ಕೆಲಸ ಬಿಡುತ್ತಾಳೆ. ಅಪ್ಪ ಬಿಡುವುದನ್ನು ನಾನು ಕಂಡದ್ದು ಬಹಳ ಕಡಿಮೆ. ಪೂರ್ಣ ಪರಾವಲಂಬಿಗಳನ್ನು ನೋಡಿಕೊಳ್ಳುವವರಿಗೆ ಕೇರಳ ಸರ್ಕಾರದ ‘ಆಶ್ವಾಸಕಿರಣಂ’ ಯೋಜನೆ ತಿಂಗಳಿಗೆ 600 ರೂಪಾಯಿ ಇಟ್ಟಿದೆ. ಅಂಥದ್ದೊಂದು ಯೋಜನೆ ಇದೆಯೆಂಬುದು ಮೆಚ್ಚಬೇಕಾದ್ದು. ಆದರೆ ದಿನಕ್ಕೆ 20 ರೂಪಾಯಿ ಎಂದು ಭಾಗಿಸಿ ನೋಡಿದಾಗ ತಾಯಿಯ ದುಡಿಮೆಗೆ ನಾವೆಲ್ಲ ಸೇರಿ ಕಟ್ಟಿದ ಬೆಲೆ ಗೊತ್ತಾಗುತ್ತದೆ.

ಕಾನೂನಿನ ದಾರಿ

ದಯೆಯಿಂದ ಹಕ್ಕಿನ ಕಡೆಗೆ ಬರಲು ದೇಶಕ್ಕೆ ಬಹಳ ಸಮಯ ಹಿಡಿಯಿತು. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲೇ ಓದಿಸುವ ಸಮನ್ವಯ ಶಿಕ್ಷಣ ಯೋಜನೆ ತಂದಿತು. 1995ರ ಅಂಗವಿಕಲರ ಕಾಯ್ದೆ ಮೊದಲ ಬಾರಿಗೆ ಇದನ್ನು ಕಾನೂನಿನ ಮಾತಾಗಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಎಲ್ಲ ಮಕ್ಕಳಿಗೂ ಅನ್ವಯಿಸಬೇಕಿತ್ತು. ಅಂಗವಿಕಲ ಮಕ್ಕಳನ್ನು ಅದರೊಳಗೆ ಸ್ಪಷ್ಟವಾಗಿ ಸೇರಿಸಲು 2012ರ ತಿದ್ದುಪಡಿಯೇ ಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ ಇವೆಲ್ಲ ಒಳಗೆ ಬಂದವು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಅದೂ ನೆರೆಯ ಶಾಲೆ ಅಥವಾ ವಿಶೇಷ ಶಾಲೆ, ಯಾವುದು ಬೇಕೋ ಅದು.

ಕಾಗದದ ಮೇಲೆ ಆಯ್ಕೆ ಇದ್ದರೂ ಅದನ್ನು ನಿಜವಾಗಿಸುವವರು ಶಿಕ್ಷಕಿಯರು. ಕೇರಳದ ಸಾಮಾನ್ಯ ಶಾಲೆಗಳ ವಿಶೇಷ ಶಿಕ್ಷಕಿಯರಲ್ಲಿ ಹೆಚ್ಚಿನವರು ಗುತ್ತಿಗೆಯ ಮೇಲಿದ್ದಾರೆ. ಒಬ್ಬಳೇ ಹಲವು ಶಾಲೆ ಸುತ್ತುತ್ತಾಳೆ. ವಾರಕ್ಕೊಮ್ಮೆ ಆಕೆ ಬರುವ ದಿನ ಮಾತ್ರ ಮಗುವಿಗೆ ಪಾಠ, ಉಳಿದ ದಿನ ಹಿಂದಿನ ಬೆಂಚು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಕಿರಿಯ ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದಕ್ಕಿಂತ ಮೇಲೆ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಬೌದ್ಧಿಕ ವೈಕಲ್ಯದ ಮಕ್ಕಳ ವಿಶೇಷ ಶಾಲೆಗಳಾದರೋ ಬಹುಪಾಲು ಸೇವಾಸಂಸ್ಥೆಗಳು, ಕ್ರೈಸ್ತ ಸಂನ್ಯಾಸಿನಿಯರು, ತಂದೆತಾಯಿಗಳ ಕೂಟಗಳು ನಡೆಸುವಂಥವು. ಉಳ್ಳವರ ಮಗುವಿಗೆ ಕೊಚ್ಚಿಯಲ್ಲಿ ಖಾಸಗಿ ಥೆರಪಿ ಸಿಗುತ್ತದೆ, ಇಲ್ಲದವರ ಮಗು ಸರದಿಯಲ್ಲಿ ಕಾಯುತ್ತದೆ.

ಮಲಯಾಳದಲ್ಲಿ ಈಗ ಅಂಗವಿಕಲರನ್ನು ‘ಭಿನ್ನಶೇಷಿ’ ಉಳ್ಳವರು ಎನ್ನುತ್ತಾರೆ. ‘ಶೇಷಿ’ ಎಂದರೆ ಅವರ ಮಾತಿನಲ್ಲಿ ಸಾಮರ್ಥ್ಯ. ಕನ್ನಡದ ಕಿವಿಗೆ ಅದು ‘ಶೇಷ’ದಂತೆ, ಭಾಗಾಕಾರದಲ್ಲಿ ಕೊನೆಗೆ ಉಳಿದದ್ದರಂತೆ ಕೇಳಿಸುತ್ತದೆ. ಪದ ಬದಲಾದಷ್ಟು ಬೇಗ ತರಗತಿ ಬದಲಾಗದಿದ್ದಾಗ ನನ್ನ ಕಿವಿಗೆ ಕನ್ನಡದ ಅರ್ಥವೇ ಹೆಚ್ಚು ಸರಿಯೆನಿಸುತ್ತದೆ.

ಸ್ವರ್ಗದಿಂದ ಸೆಕ್ರೆಟರಿಯೇಟಿಗೆ

ಇಲ್ಲಿ ಕಥೆ ನಮ್ಮ ಭಾಷೆಯ ಸೀಮೆಗೆ ಬರುತ್ತದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಎಂಬ ಊರಿದೆ. ಅಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಮಾತು ಕನ್ನಡ, ತುಳು, ಮರಾಟಿ. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕೆಳಗೆ ತೊರೆ, ಬಾವಿ, ಸುರಂಗ, ಮನೆ, ಶಾಲೆ. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ವಿಚಿತ್ರ ಕಾಯಿಲೆಗಳನ್ನು ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದು ಹೊರಜಗತ್ತಿಗೆ ತಿಳಿಸಿದರು. ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋದರು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಷೇಧಿಸಿತು. ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು.

ಪೀಡಿತ ಪಂಚಾಯತುಗಳಲ್ಲಿ ಬಡ್ಸ್ ಶಾಲೆಗಳು ಬಂದವು. ಆದರೆ ದೊಡ್ಡ ಆಸ್ಪತ್ರೆ, ದೊಡ್ಡ ಸಂಸ್ಥೆ, ತೀರ್ಮಾನ ಮಾಡುವ ಕಚೇರಿ ಎಲ್ಲವೂ ದಕ್ಷಿಣದಲ್ಲಿ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಸುಮಾರು 570 ಕಿಲೋಮೀಟರು, ರೈಲಿನಲ್ಲಿ ಒಂದು ಇಡೀ ರಾತ್ರಿ. 2016ರಲ್ಲಿ, ಮತ್ತೆ 2019ರಲ್ಲಿ, ಅಲ್ಲಿಯ ತಾಯಂದಿರು ಹಾಸಿಗೆ ಹಿಡಿದ ಮಕ್ಕಳನ್ನು ಹೊತ್ತು ತಂದು ಸೆಕ್ರೆಟರಿಯೇಟಿನ ಮುಂದಿನ ಬೀದಿಯಲ್ಲಿ ಕುಳಿತರು. 2022ರಲ್ಲಿ ವಯೋವೃದ್ಧೆ ದಯಾಬಾಯಿಯವರು ಅವರಿಗಾಗಿ ಅದೇ ಜಾಗದಲ್ಲಿ ಉಪವಾಸ ಕೂತರು. ಮೆರವಣಿಗೆ ಇಲ್ಲದ ಮಕ್ಕಳು ಎಂದು ಮೇಲೆ ಬರೆದೆ. ಶತಮಾನದ ನಂತರ ಆ ಮೆರವಣಿಗೆಯನ್ನು ಕಟ್ಟಿದವರು ಈ ತಾಯಂದಿರು. ಅವರಲ್ಲಿ ಕನ್ನಡದಲ್ಲೂ ತುಳುವಿನಲ್ಲೂ ಅಳುವವರಿದ್ದರು ಎಂಬುದನ್ನು ತಿರುವನಂತಪುರದ ಕನ್ನಡಿಗರಾದ ನಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ನೀರು ಮತ್ತು ವೆಳ್ಳಂ

ಇನ್ನು ನಮ್ಮ ಮನೆಗಳ ವಿಷಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು. ನಮ್ಮ ಹೆಚ್ಚಿನ ಮಕ್ಕಳು ಮೂರನ್ನೂ ನುಂಗಿ ಬೆಳೆಯುತ್ತಾರೆ. ಮಗುವಿಗೆ ಕಲಿಕೆಯ ತೊಂದರೆ ಇದ್ದಾಗ ಈ ಮೂರು ಭಾಷೆ ಮೂರು ಗೋಡೆಗಳಾಗುತ್ತವೆ. ಕಷ್ಟಪಟ್ಟು ‘ನೀರು’ ಎಂದ ಮಗುವಿಗೆ ತರಗತಿಯಲ್ಲಿ ನೀರು ಸಿಗುವುದಿಲ್ಲ. ಅಲ್ಲಿ ‘ವೆಳ್ಳಂ’ ಎನ್ನಬೇಕು. ಮನೆಯಲ್ಲಿ ‘ಅನ್ನ’, ಅಲ್ಲಿ ‘ಚೋರ್’. ಮಗು ಸುಮ್ಮನಾಗುತ್ತದೆ. ಸುಮ್ಮನಾದದ್ದು ಭಾಷೆ ಗೊತ್ತಿಲ್ಲದ್ದರಿಂದಲೋ ಬುದ್ಧಿಯ ಕೊರತೆಯಿಂದಲೋ ಎಂದು ಬೇರ್ಪಡಿಸಿ ನೋಡುವವರು ಬೇಕು. ಬುದ್ಧಿಮಟ್ಟದ ಪರೀಕ್ಷೆಯನ್ನು ಮಗುವಿನದ್ದಲ್ಲದ ಭಾಷೆಯಲ್ಲಿ ನಡೆಸಿದರೆ ಬರುವ ಅಂಕ ಮಗುವಿನದ್ದಲ್ಲ. ಇಂದಿಗೂ ದೇಶದ ಅನೇಕ ಕಡೆ ಬಳಸುವ ಬಿನೆ–ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ರೂಪಿಸಿದ್ದೇ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಕೇಳಿದರೆ ಕನ್ನಡದಲ್ಲಿ ಪರೀಕ್ಷಿಸುವ ದಾರಿ ಇದೆ.

ಇನ್ನೊಂದು ಸಂಗತಿ ನನ್ನ ಪರಿಚಯದ ಮನೆಗಳಲ್ಲೇ ಕಂಡದ್ದು. ಮಾತು ತಡವಾದ ಮಗುವಿನ ತಾಯಿಗೆ ಒಂದು ಕಡೆ ಸಲಹೆ ಸಿಕ್ಕಿತು: ಮನೆಯಲ್ಲೂ ಒಂದೇ ಭಾಷೆ ಮಾತಾಡಿ, ಕನ್ನಡ ಬಿಡಿ. ತಾಯಿ ಬಿಟ್ಟಳು. ತನಗೆ ಅರೆಬರೆ ಬರುವ ಮಲಯಾಳದಲ್ಲಿ ಮಗುವನ್ನು ಮುದ್ದಿಸಿದಳು, ಗದರಿಸಿದಳು. ಊರಿನಿಂದ ಬಂದ ಅಜ್ಜಿ ಮೊಮ್ಮಗುವಿನ ಮುಂದೆ ಮೂಕಳಾದಳು. ಭಾಷೆ ಕಲಿಯಲು ಮಗುವಿಗೆ ಬೇಕಾದದ್ದು ಹೆಚ್ಚು ಮಾತು, ಸಲೀಸಾದ ಮಾತು. ಅದನ್ನು ಕೊಡಬಲ್ಲ ಇಬ್ಬರ ಬಾಯಿಯನ್ನು ಈ ಸಲಹೆ ಕಟ್ಟಿಹಾಕಿತು. ಎರಡು ಭಾಷೆ ಇಂಥ ಮಕ್ಕಳಿಗೆ ಹೊರೆ ಎಂಬ ನಂಬಿಕೆ ಹಳೆಯದು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬಗ್ಗೆ 2005ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು, ಎರಡು ಭಾಷೆಯ ಮನೆಯಲ್ಲಿ ಬೆಳೆದವರು ಒಂದೇ ಭಾಷೆಯವರಿಗಿಂತ ಇಂಗ್ಲಿಷಿನಲ್ಲಿ ಹಿಂದೆ ಬೀಳಲಿಲ್ಲವೆಂದು ತೋರಿಸಿತು. ಆಟಿಸಂ ಇರುವ ಮಕ್ಕಳ ಬಗೆಗಿನ ನಂತರದ ಅಧ್ಯಯನಗಳೂ ಅದೇ ದಿಕ್ಕಿನವು. ಪ್ರತಿ ಮಗುವಿನ ಸ್ಥಿತಿ ಬೇರೆ, ತಜ್ಞರ ಮಾತು ಕೇಳಲೇಬೇಕು. ಆದರೆ ಮನೆಮಾತನ್ನು ಬಿಡಿ ಎಂದಾಗ ‘ಯಾಕೆ’ ಎಂದು ಕೇಳುವ ಹಕ್ಕು ತಾಯಿಗಿದೆ.

ಅಂಧ ಮಕ್ಕಳ ವಿಷಯದಲ್ಲಿ ಚರಿತ್ರೆ ನಮಗೊಂದು ಸುಂದರ ಉಡುಗೊರೆ ಕೊಟ್ಟಿದೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಚುಕ್ಕಿಗಳನ್ನು ಗೊತ್ತುಮಾಡಿತು. ಕನ್ನಡದ ‘ಕ’ ಮತ್ತು ಮಲಯಾಳದ ‘ಕ’ ಕಣ್ಣಿಗೆ ಬೇರೆ ಲಿಪಿ, ಬೆರಳಿಗೆ ಒಂದೇ. ಕೊಚ್ಚಿಯಲ್ಲಿ ಮಲಯಾಳ ಬ್ರೈಲ್ ಕಲಿತ ನಮ್ಮ ಮಗು ಕನ್ನಡದ ಬ್ರೈಲ್ ಪುಸ್ತಕವನ್ನೂ ಮುಟ್ಟಿ ಓದಬಲ್ಲದು. ಕಣ್ಣಿರುವ ನಮ್ಮ ಮಕ್ಕಳಿಗೆ ಈ ಅನುಕೂಲ ಇಲ್ಲ!

ಕಿವುಡ ಮಕ್ಕಳ ದಾರಿ ಇದಕ್ಕಿಂತ ಕಠಿಣ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಸನ್ನೆಯನ್ನು ಬಿಟ್ಟು ಬಾಯಿಮಾತನ್ನೇ ಕಲಿಸಬೇಕೆಂದು ತೀರ್ಮಾನಿಸಿತು. ಅದರ ನೆರಳು ನಮ್ಮ ಶಾಲೆಗಳ ಮೇಲೂ ಬಹಳ ಕಾಲ ಬಿತ್ತು. ಮನೆಯಲ್ಲಿ ತುಟಿ ಕನ್ನಡದಲ್ಲಿ ಅಲುಗುವಾಗ, ಶಾಲೆಯಲ್ಲಿ ಮಲಯಾಳದಲ್ಲಿ ಅಲುಗುವಾಗ, ತುಟಿ ನೋಡಿ ಮಾತು ಹಿಡಿಯುವ ಮಗುವಿನ ಪಾಡು ಊಹಿಸಿಕೊಳ್ಳಿ. ಭಾರತೀಯ ಸಂಜ್ಞಾ ಭಾಷೆ ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. ಆದ್ದರಿಂದಲೇ ಎರಡು ಭಾಷೆಯ ಮನೆಗೆ ಅದು ಸೇತುವೆಯಾಗಬಲ್ಲದು. ಅದಕ್ಕಾಗಿ ದೆಹಲಿಯಲ್ಲಿ ಕೇಂದ್ರವೊಂದು 2015ರಲ್ಲಿ ಬಂತು, 2018ರಲ್ಲಿ 3,000 ಪದಗಳ ಮೊದಲ ನಿಘಂಟು ಹೊರಬಂತು. 2021ರಲ್ಲಿ ನಿಶ್ ಮಲಯಾಳ ಅಕ್ಷರಮಾಲೆಗೂ ಬೆರಳ ಸನ್ನೆಗಳನ್ನು ಗೊತ್ತುಮಾಡಿತು.

ಕಾನೂನು ಇಲ್ಲಿ ನಮ್ಮ ಪರವಾಗಿಯೇ ಇದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅಂಧ ಮತ್ತು ಕಿವುಡ ಮಕ್ಕಳಿಗೆ ಅತ್ಯಂತ ಸೂಕ್ತವಾದ ಭಾಷೆಯಲ್ಲಿ, ಸೂಕ್ತವಾದ ಬಗೆಯಲ್ಲಿ ಕಲಿಸಬೇಕೆಂದು 2016ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಆದರೆ ಭಾಷೆಯ ಫೈಲು ಒಂದು ಕಚೇರಿಯಲ್ಲಿ, ವೈಕಲ್ಯದ ಫೈಲು ಇನ್ನೊಂದು ಕಚೇರಿಯಲ್ಲಿ. ಕನ್ನಡದ ಹಕ್ಕು ಕೇಳುವ ನಮ್ಮ ಸಂಘಗಳು ಅಂಗವಿಕಲ ಮಗುವನ್ನು ನೆನೆಯುವುದಿಲ್ಲ. ಅಂಗವಿಕಲರ ಸಂಘಟನೆಗಳಿಗೆ ಕನ್ನಡದ ಮಗು ಕಾಣುವುದಿಲ್ಲ. ಎರಡೂ ಆಗಿರುವ ಮಗು ಎರಡು ಫೈಲುಗಳ ನಡುವಿನ ಸಂದಿಯಲ್ಲಿ ಬೀಳುತ್ತದೆ.

ನಮ್ಮ ಕೈಲಾಗುವುದು

ಚರಿತ್ರೆ ಬರೆದು ಕೈತೊಳೆದುಕೊಂಡರೆ ಸಾಲದು. ಮಹಿಳಾ ವೇದಿಕೆಯಾಗಿ ನಾವು ಮಾಡಬಹುದಾದ, ದೊಡ್ಡ ಹಣ ಬೇಡದ ಕೆಲವು ಕೆಲಸಗಳಿವೆ.

ಮೊದಲನೆಯದು, ನಮ್ಮವರನ್ನು ಎಣಿಸುವುದು. ಕೊಚ್ಚಿ, ತಿರುವನಂತಪುರದ ಕನ್ನಡ ಮನೆಗಳಲ್ಲಿ ಇಂಥ ಮಕ್ಕಳಿರುವ ತಾಯಂದಿರು ಒಬ್ಬರಿಗೊಬ್ಬರು ಗೊತ್ತಾಗಲಿ. ಸಂಕೋಚವಿರುವವರನ್ನು ಒತ್ತಾಯಿಸಬಾರದು, ನಾವಿದ್ದೇವೆ ಎಂದು ತಿಳಿಸಿದರೆ ಸಾಕು.

ಎರಡನೆಯದು, ಪದಗಳ ಪಟ್ಟಿ. ಹಸಿವು, ನೀರು, ನೋವು, ಭಯ, ಬಚ್ಚಲು, ಅಮ್ಮ ಬೇಕು – ಮಗು ದಿನವೂ ಆಡುವ ಒಂದು ನೂರು ಕನ್ನಡ ಪದಗಳನ್ನು ಮಲಯಾಳ ಲಿಪಿಯಲ್ಲಿ ಅರ್ಥದೊಂದಿಗೆ, ಚಿತ್ರದೊಂದಿಗೆ ಬರೆದು ಶಿಕ್ಷಕಿಯ ಕೈಗೆ ಕೊಡುವುದು. ಎರಡೂ ಭಾಷೆ ಬಲ್ಲ ನಮಗೆ ಒಂದು ಸಂಜೆಯ ಕೆಲಸ. ಆ ಮಗುವಿಗೆ ಇಡೀ ತರಗತಿ ಬದಲಾಗುತ್ತದೆ.

ಮೂರನೆಯದು, ಮೈಸೂರಿನ ಬಾಗಿಲು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ತಪಾಸಣೆ, ತರಬೇತಿ ಸಿಗುತ್ತದೆ. ದೂರದಲ್ಲಿರುವವರಿಗೆ ಆನ್‌ಲೈನ್ ಮಾರ್ಗದರ್ಶನವೂ ಇದೆ. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎಪಿಡಿ ಸಂಸ್ಥೆಯಂಥವೂ ಇವೆ. ತಾನೇ ಅಂಗವಿಕಲೆಯಾಗಿದ್ದ ಹೆಣ್ಣುಮಗಳೊಬ್ಬಳು ಕಟ್ಟಿದ ಸಂಸ್ಥೆಯದು. ಕೇರಳದ ಸೌಲಭ್ಯ ಬಿಡದೆ, ಅಲ್ಲಿನ ಕನ್ನಡದ ನೆರವನ್ನೂ ಜೋಡಿಸಿಕೊಳ್ಳಬಹುದು.

ನಾಲ್ಕನೆಯದು, ಸಮಯ. ಪರೀಕ್ಷೆಯಲ್ಲಿ ಅಂಧ ಮಗುವಿನ ಪರವಾಗಿ ಬರೆಯಲು, ಪಾಠವನ್ನು ಓದಿ ಧ್ವನಿಮುದ್ರಿಸಲು, ತಾಯಿ ಬ್ಯಾಂಕಿಗೋ ಮದುವೆಗೋ ಹೋಗಬೇಕಾದಾಗ ಎರಡು ತಾಸು ಮಗುವಿನ ಜೊತೆ ಕೂರಲು ಯಾರಾದರೂ ಬೇಕು. ನಿವೃತ್ತರಾದ ಶಿಕ್ಷಕಿಯರು ನಮ್ಮಲ್ಲಿ ಎಷ್ಟು ಮಂದಿ!

ಐದನೆಯದು, ನಮ್ಮ ರಾಜ್ಯೋತ್ಸವದ ವೇದಿಕೆ. ಸಭಾಂಗಣ ಗೊತ್ತುಮಾಡುವಾಗ ಗಾಲಿಕುರ್ಚಿ ಏರುವ ಇಳಿಜಾರು ಇದೆಯೇ ಎಂದು ಕೇಳೋಣ. ಮಕ್ಕಳ ಕಾರ್ಯಕ್ರಮದಲ್ಲಿ ಈ ಮಕ್ಕಳಿಗೂ ಒಂದು ಸರದಿ ಇಡೋಣ. ಕೊನೆಯಲ್ಲಿ ಸಮಾಧಾನಕರ ಬಹುಮಾನ ಕೊಟ್ಟು ಕಳಿಸುವ ಸರದಿ ಬೇಡ. ಹಾಡಲು, ಚಿತ್ರ ತೋರಿಸಲು, ತಮಗೆ ಬೇಕಾದಷ್ಟು ಹೊತ್ತು ನಿಲ್ಲಲು ಒಂದು ಸರದಿ.

1817ರ ಆಜ್ಞೆಯನ್ನು ಒಬ್ಬ ಹೆಣ್ಣು ಹೊರಡಿಸಿದಳು. 1990ರ ಕನ್ನಡಕಗಳನ್ನು ಮನೆಮನೆಯಿಂದ ಬೇಡಿ ತಂದವರಲ್ಲಿ ಹೆಂಗಸರೇ ಹೆಚ್ಚು. ಸೆಕ್ರೆಟರಿಯೇಟಿನ ಮುಂದೆ ಕೂತವರೂ ಹೆಂಗಸರೇ. ಈ ಸಾಲಿನ ಮುಂದಿನ ಕೆಲಸ ನೂರು ಪದಗಳ ಆ ಪಟ್ಟಿ. ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿಯೊಬ್ಬರೂ ಹತ್ತು ಪದ ಬರೆದುಕೊಂಡು ಬನ್ನಿ.